ಹಳೆಯ ಗಣಕಕ್ಕೆ ಮತ್ತೆ ವಿಂಡೋಸ್: ಪರವಾನಗಿ ಯಾರಿಗೆ ಕೊಟ್ಟದ್ದು?



ಗಣಕಗಳನ್ನು ಕುರಿತ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಒಂದು ನನ್ನ ಮೇಜಿನ ಮೇಲೆ ಬಹಳ ದಿನ ಉಳಿಯಿತು. ಬರೆದವರು ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಅಂತಿಮ ವರ್ಷದ ಬಿ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿನಿ. ಸುತ್ತಲಿನ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಳೆಯುವುದು ಅವರ ತಂಡದ ಯೋಜನೆ. ಬಣ್ಣದ ಗಾಢತೆಯನ್ನು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಒಂದು ಅವರ ಪ್ರಯೋಗಾಲಯದಲ್ಲಿದೆ. 2006ರಲ್ಲಿ ಕೊಂಡದ್ದು, ಇಂದಿಗೂ ಚೆನ್ನಾಗಿದೆ. ಆದರೆ ಅದರ ಜೊತೆಗೆ ಬಂದ ತಂತ್ರಾಂಶ ವಿಂಡೋಸ್ ಎಕ್ಸ್‌ಪಿ ಇರುವ ಗಣಕದಲ್ಲಿ ಮಾತ್ರ ನಡೆಯುತ್ತದೆ. ಆ ಗಣಕದ ಹಾರ್ಡ್ ಡಿಸ್ಕ್ ಒಂದು ದಿನ ಕೈಕೊಟ್ಟಿತು.

ಪ್ರಯೋಗಾಲಯದ ಸಹಾಯಕರು ಬೇರೊಂದು ಡಿಸ್ಕ್ ಹಾಕಿದರು. ಪಕ್ಕದ ವಿಭಾಗದಿಂದ ಎಕ್ಸ್‌ಪಿಯ ಸಿ.ಡಿ. ತಂದರು. ಗಣಕದ ಪೆಟ್ಟಿಗೆಗೆ ಅಂಟಿಸಿದ್ದ ಚೀಟಿಯ ಸಂಖ್ಯೆಯನ್ನು ಟೈಪ್ ಮಾಡಿದರು. ಎಲ್ಲವೂ ಸರಿಹೋಯಿತು, ಉಪಕರಣವೂ ಮಾತಾಡಿತು. ಆದರೆ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಕೀಲಿಕೈಗಳ ಒಂದು ಪುಟ್ಟ ಚಿತ್ರ ಬಂದು ಕುಳಿತಿತು: ಆ್ಯಕ್ಟಿವೇಷನ್‌ಗೆ ಇನ್ನು 30 ದಿನ. ಅಂತರ್ಜಾಲದ ಮೂಲಕ ಪ್ರಯತ್ನಿಸಿದರೆ ಆಗಲಿಲ್ಲ. ಪತ್ರ ಬರೆಯುವ ಹೊತ್ತಿಗೆ 30ರಲ್ಲಿ 12 ದಿನ ಕಳೆದಿತ್ತು, 40 ಬಾಟಲಿ ನೀರು ಪರೀಕ್ಷೆಗೆ ಕಾದಿತ್ತು. "ಸರ್, ಗಣಕ ಕಾಲೇಜಿನದು, ಚೀಟಿ ಅಸಲಿ, ಹಣ ಕೊಟ್ಟದ್ದಾಗಿದೆ. ಮತ್ತೆ ಯಾರ ಅನುಮತಿ ಬೇಕು?" ಎಂಬುದು ಅವರ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದು. ಮಾತುಕತೆಯ ದಿನ ಈ ವಿಷಯಕ್ಕೆ ಸಮಯ ಸಾಲಲಿಲ್ಲ. ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡೋಣ.

ಕೀಲಿ ಸಂಖ್ಯೆ ಹೇಳುವುದೇನು?

ಹಳೆಯ ಕಾರ್ಯಾಚರಣಾ ವ್ಯವಸ್ಥೆಯನ್ನು ಯಾರಾದರೂ ಏಕೆ ಬಳಸಬೇಕು ಎಂದು ಕೇಳುವವರಿದ್ದಾರೆ. ಬಳಸುವವರು ಹಳತರ ಮೋಹದಿಂದ ಬಳಸುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಉಪಕರಣ ಒಂದು ಹಳೆಯ ತಂತ್ರಾಂಶಕ್ಕೆ ಕಟ್ಟುಬಿದ್ದಿರುತ್ತದೆ. ಇಲ್ಲವೆ ಯೂನಿಕೋಡ್ ಬರುವುದಕ್ಕೆ ಮುಂಚಿನ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ ನೂರಾರು ಪುಟ ಕನ್ನಡ ಹಳೆಯ ಗಣಕದಲ್ಲಿ ಮಾತ್ರ ಓದಲು ಬರುವಂತಿರುತ್ತದೆ. ಮುದ್ರಣಾಲಯಗಳಲ್ಲಿ ಕೇಳಿ ನೋಡಿ, ಮೂಲೆಯಲ್ಲೊಂದು ಅಂಥ ಗಣಕ ಇದ್ದೇ ಇರುತ್ತದೆ.

ಸಿ.ಡಿ.ಯ ಜೊತೆ ಬರುವ ಕೀಲಿ ಸಂಖ್ಯೆಯಿಂದ ಆರಂಭಿಸೋಣ. ವಿಂಡೋಸ್ 95ರ ಕಾಲದಲ್ಲಿ ಇದು ಬಹಳ ಸರಳವಾಗಿತ್ತು. ಅಂಗಡಿಯಲ್ಲಿ ಸಿಗುತ್ತಿದ್ದ ಸಿ.ಡಿ.ಯ ಸಂಖ್ಯೆಯಲ್ಲಿ ಮೊದಲು 3 ಅಂಕಿ, ಬಳಿಕ 7 ಅಂಕಿ. ಆ 7 ಅಂಕಿಗಳ ಮೊತ್ತ 7ರಿಂದ ನಿಶ್ಶೇಷವಾಗಿ ಭಾಗವಾದರೆ ಗಣಕ ಬಹುಮಟ್ಟಿಗೆ ತೃಪ್ತಿಪಡುತ್ತಿತ್ತು. ಏಳು ಬಾರಿ 1 ಎಂದು ಒತ್ತಿದರೂ ಸಾಕಾಗುತ್ತಿತ್ತು, ಮೊತ್ತ 7 ತಾನೆ! ಬೀಗ ಎನ್ನುವುದಕ್ಕಿಂತ ಅದನ್ನು ಬಾಗಿಲಿಗೆ ಕಟ್ಟಿದ ದಾರ ಎನ್ನುವುದೇ ಸರಿ.

2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದ ಎಕ್ಸ್‌ಪಿಯಲ್ಲಿ ಕೀಲಿ 25 ಅಕ್ಷರಗಳದ್ದು, ಐದೈದರ ಐದು ಗುಂಪು. ಪ್ರತಿ ಸ್ಥಾನದಲ್ಲಿ ಬರಬಹುದಾದ ಚಿಹ್ನೆಗಳು 24 ಮಾತ್ರ. ಸೊನ್ನೆಯೂ ಇಲ್ಲ, 'ಓ' ಅಕ್ಷರವೂ ಇಲ್ಲ. ಒಂದೂ ಇಲ್ಲ, 'ಐ'ಯೂ ಇಲ್ಲ. ಐದೂ ಇಲ್ಲ, 'ಎಸ್' ಕೂಡ ಇಲ್ಲ. ಒಂದನ್ನು ನೋಡಿ ಇನ್ನೊಂದೆಂದು ಓದುವಂಥ ಜೋಡಿಗಳನ್ನು ಹೆಚ್ಚಾಗಿ ಕೈಬಿಟ್ಟಿದ್ದಾರೆ. ಆದರೂ 'ಬಿ' ಮತ್ತು 8 ಎರಡೂ ಉಳಿದಿವೆ. ಸವೆದ ಚೀಟಿಯ ಮುಂದೆ ಭೂತಗನ್ನಡಿ ಹಿಡಿದು ಕುಳಿತವರಿಗೆ ಅದರ ಕಷ್ಟ ಗೊತ್ತು.

24ರ 25ನೆಯ ಘಾತವನ್ನು ಲೆಕ್ಕ ಹಾಕಿ: ಸುಮಾರು 3.2ರ ಮುಂದೆ 10ರ 34ನೆಯ ಘಾತ. ಇಷ್ಟು ಸಾಧ್ಯತೆಗಳಲ್ಲಿ ಕಂಪನಿ ಒಪ್ಪುವಂಥವು ಅತ್ಯಲ್ಪ. ಕೀಲಿಯ ಒಳಗೆ ಕ್ರಮಸಂಖ್ಯೆಯ ಜೊತೆಗೆ ಒಂದು ಗಣಿತದ ಸಹಿಯೂ ಅಡಗಿರುತ್ತದೆ. ಆ ಸಹಿಯನ್ನು ಹಾಕಲು ಬೇಕಾದ ರಹಸ್ಯ ಕಂಪನಿಯ ಬಳಿ ಮಾತ್ರ ಇರುತ್ತದೆ, ಸಹಿಯನ್ನು ಪರೀಕ್ಷಿಸುವ ವಿಧಾನ ಸಿ.ಡಿ.ಯಲ್ಲೇ ಇರುತ್ತದೆ. ಆದ್ದರಿಂದ ಅಂತರ್ಜಾಲವಿಲ್ಲದಿದ್ದರೂ ಕೀಲಿ ಸರಿಯೋ ತಪ್ಪೋ ಎಂದು ಗಣಕ ತಾನೇ ಹೇಳಬಲ್ಲದು. ಚೀಟಿಯಲ್ಲಿ ಎರಡು ಅಕ್ಷರ ಅಳಿಸಿಹೋಗಿದ್ದರೆ ಗಾಬರಿ ಬೇಡ. 24ನ್ನು 24ರಿಂದ ಗುಣಿಸಿ, ಸಾಧ್ಯತೆಗಳು 576. ಅವುಗಳಲ್ಲಿ ವಾಸ್ತವವಾಗಿ ಹೊಂದುವುದು ನಿಮ್ಮದೊಂದೇ. ಅಳಿದ ಅಕ್ಷರದ ಅರ್ಧ ಗೆರೆ ಕಂಡರಂತೂ ಆರೇಳು ಪ್ರಯತ್ನದಲ್ಲಿ ಮುಗಿದುಹೋಗುತ್ತದೆ.

ಆದರೆ ಕೀಲಿ ಹೇಳುವುದು ಇಷ್ಟೇ: ಇದು ಅಸಲಿ ಸಂಖ್ಯೆ. ಒಂದೇ ಸಂಖ್ಯೆಯನ್ನು ಊರಿನ ನೂರು ಗಣಕಗಳಲ್ಲಿ ಹಾಕಿದ್ದಾರೆಯೇ ಎಂಬುದು ಅದಕ್ಕೆ ತಿಳಿಯದು. ಅದನ್ನು ತಿಳಿಯಲೆಂದೇ ಬಂದದ್ದು ಆ್ಯಕ್ಟಿವೇಷನ್.

ಹತ್ತು ಗುರುತುಗಳು

ಶಾಲೆಗೆ ಸೇರುವಾಗ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಮೈಮೇಲಿನ ಗುರುತುಗಳನ್ನು ಬರೆದುಕೊಂಡದ್ದು ನೆನಪಿರಬಹುದು: ಬಲಗೆನ್ನೆಯ ಮೇಲೆ ಮಚ್ಚೆ, ಎಡ ಮೊಣಕಾಲಿನಲ್ಲಿ ಗಾಯದ ಕಲೆ. ಎಕ್ಸ್‌ಪಿ ಮಾಡಿದ್ದು ಇದನ್ನೇ. ಗಣಕದ ಹತ್ತು ಗುರುತುಗಳನ್ನು ಅದು ಬರೆದುಕೊಳ್ಳುತ್ತದೆ: ಪ್ರೊಸೆಸರ್‌ನ ಮಾದರಿ, ಇದ್ದರೆ ಅದರ ಕ್ರಮಸಂಖ್ಯೆ, ಮೆಮೊರಿಯ ಪ್ರಮಾಣ, ಹಾರ್ಡ್ ಡಿಸ್ಕ್, ಅದನ್ನು ಫಾರ್ಮ್ಯಾಟ್ ಮಾಡಿದಾಗ ಹುಟ್ಟುವ ವಾಲ್ಯೂಮ್ ಸಂಖ್ಯೆ, ಸಿ.ಡಿ. ಡ್ರೈವ್, ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡಿನ ವಿಳಾಸ, ಡಿಸ್ಕುಗಳನ್ನು ನಡೆಸುವ ಎರಡು ಬಗೆಯ ನಿಯಂತ್ರಕಗಳು.

ಕಂಪನಿ ನಮ್ಮ ಗಣಕದೊಳಗೆ ಇಣುಕುತ್ತಿದೆ ಎಂದು ಆಗ ದೊಡ್ಡ ಗದ್ದಲವಾಯಿತು. 2001ರ ಜುಲೈನಲ್ಲಿ, ಎಕ್ಸ್‌ಪಿ ಇನ್ನೂ ಅಂಗಡಿಗೆ ಬರುವ ಮೊದಲೇ, ಬರ್ಲಿನ್ನಿನ ಫುಲ್ಲಿ ಲೈಸೆನ್ಸ್ಡ್ ಎಂಬ ಸಣ್ಣ ಸಂಸ್ಥೆ ಈ ವ್ಯವಸ್ಥೆಯನ್ನು ಬಿಚ್ಚಿ ನೋಡಿ ವಿವರಗಳನ್ನು ಪ್ರಕಟಿಸಿತು. ಗುರುತುಗಳು ಇದ್ದ ಹಾಗೆಯೇ ಹೋಗುವುದಿಲ್ಲ ಎಂಬುದು ಅದರಿಂದ ಸ್ಪಷ್ಟವಾಯಿತು. ನಿಮ್ಮ ನೋಂದಣಿ ಸಂಖ್ಯೆಯನ್ನು 31ರಿಂದ ಭಾಗಿಸಿ ಶೇಷವನ್ನು ಮಾತ್ರ ನನಗೆ ಹೇಳಿ. ಶೇಷದಿಂದ ನಿಮ್ಮ ಸಂಖ್ಯೆಯನ್ನು ನಾನು ಕಂಡುಹಿಡಿಯಲಾರೆ. ಆದರೆ ಮುಂದಿನ ವಾರ ಬೇರೆಯವರು ಬಂದು ಇನ್ನೊಂದು ಶೇಷ ಹೇಳಿದರೆ, ಇವರು ನೀವಲ್ಲ ಎಂದು ಹೇಳಬಲ್ಲೆ. ಎಕ್ಸ್‌ಪಿಯಲ್ಲಿ ಭಾಗಾಕಾರದ ಬದಲು ಹ್ಯಾಶ್ ಎಂಬ ಹೆಚ್ಚು ಜಟಿಲವಾದ ಕ್ರಿಯೆ ಇದೆ, ತತ್ತ್ವ ಇದೇ. 48 ಬಿಟ್‌ಗಳಷ್ಟು ಉದ್ದದ ನೆಟ್‌ವರ್ಕ್ ವಿಳಾಸ 10 ಬಿಟ್‌ಗಳಿಗೆ, ಅಂದರೆ 1024 ಸಾಧ್ಯತೆಗಳಲ್ಲಿ ಒಂದಕ್ಕೆ, ಕುಗ್ಗುತ್ತದೆ. ಮೆಮೊರಿಗೆ ಸಿಗುವುದು ಬರೀ 3 ಬಿಟ್. ಎಲ್ಲವೂ ಸೇರಿ 64 ಬಿಟ್‌ಗಳ ಒಂದು ಗುರುತು.

ಈ ಗುರುತೂ ಕೀಲಿಯ ಕ್ರಮಸಂಖ್ಯೆಯೂ ಸೇರಿ 50 ಅಂಕಿಗಳ ಒಂದು ಸಂಖ್ಯೆಯಾಗುತ್ತದೆ. ಅಂತರ್ಜಾಲವಿದ್ದರೆ ಇದೆಲ್ಲ ತೆರೆಯ ಹಿಂದೆ ನಡೆಯುವ ವ್ಯವಹಾರ. ಇಲ್ಲದವರಿಗೆ ಎಕ್ಸ್‌ಪಿ ದೂರವಾಣಿಯ ದಾರಿಯನ್ನೂ ಇಟ್ಟಿತ್ತು: 50 ಅಂಕಿ ಓದಿ ಹೇಳಬೇಕು, ಆ ಕಡೆಯಿಂದ ಬರುವ 42 ಅಂಕಿಗಳನ್ನು ಟೈಪ್ ಮಾಡಬೇಕು. ಓದುವಾಗ ತಪ್ಪಾದರೆ? ಪ್ರತಿ ಗುಂಪಿನ ಕೊನೆಯ ಅಂಕಿ ಹಿಂದಿನ ಅಂಕಿಗಳಿಂದ ಲೆಕ್ಕ ಹಾಕಿದ ತಾಳೆ ಅಂಕಿ. ತಪ್ಪಾದ ಗುಂಪು ಅಲ್ಲೇ ಸಿಕ್ಕಿಬೀಳುತ್ತದೆ, ಮೊದಲಿನಿಂದ ಓದಬೇಕಾಗಿಲ್ಲ.

ಗಣಕದ ಒಂದು ಭಾಗ ಬದಲಾದರೆ ಏನಾಗುತ್ತದೆ ಎಂದು ಕೇಳುತ್ತೀರಿ. ಇಲ್ಲಿ ಒಂದು ಬಗೆಯ ಮತದಾನವಿದೆ. ಬದಲಾಗದ ಪ್ರತಿ ಗುರುತಿಗೂ ಒಂದು ಮತ, ನೆಟ್‌ವರ್ಕ್ ಕಾರ್ಡಿಗೆ ಮಾತ್ರ ಮೂರು. 7 ಮತ ಬಿದ್ದರೆ ಗಣಕ ಹಳೆಯದೇ ಎಂದು ತೀರ್ಮಾನ. ಕೂದಲು ಕತ್ತರಿಸಿದವನನ್ನು, ಕನ್ನಡಕ ಹಾಕಿಕೊಂಡವನನ್ನು ಶಾಲೆ ಹೊರಗೆ ಕಳಿಸುವುದಿಲ್ಲವಲ್ಲ, ಹಾಗೆ. ಅದೇ ಗಣಕಕ್ಕೆ ಮತ್ತೆ ಮತ್ತೆ ವಿಂಡೋಸ್ ಹಾಕಿದರೂ ಅಡ್ಡಿಯಿಲ್ಲ ಎಂಬುದೂ ನಿಯಮವೇ ಆಗಿತ್ತು. ಕಾಲೇಜಿನ ಗಣಕದಲ್ಲಿ ಬದಲಾದದ್ದು ಡಿಸ್ಕ್ ಮತ್ತು ಅದರ ವಾಲ್ಯೂಮ್ ಸಂಖ್ಯೆ, ಎರಡೇ ಗುರುತು. ಹಾಗಿದ್ದರೆ ಅನುಮತಿ ಏಕೆ ಸಿಗಲಿಲ್ಲ?

ತೊಡಕು ಇರುವುದೆಲ್ಲಿ?

ಮೊದಲು ನಮ್ಮದೇ ಒಂದು ಪ್ರಸಂಗ ಹೇಳುತ್ತೇನೆ. 2012ರ ಸುಮಾರಿಗೆ, ಶೀರ್ಷಿಕೆಗಳನ್ನು ಸಿದ್ಧಪಡಿಸುವ ಹಳೆಯ ಗಣಕವೊಂದಕ್ಕೆ ನಾವು ಎಕ್ಸ್‌ಪಿ ಮರುಸ್ಥಾಪಿಸಿದೆವು. ಆ್ಯಕ್ಟಿವೇಷನ್ ಆಗಲೊಲ್ಲದು. ಅರ್ಧ ದಿನ ಕೇಬಲ್ಲುಗಳನ್ನು ಬದಲಾಯಿಸಿದೆವು, ದೂರವಾಣಿ ಮಾರ್ಗವನ್ನು ಬೈದೆವು. ಕೊನೆಗೆ ಚಹಾ ತಂದ ಹುಡುಗ ಪರದೆ ನೋಡಿ, "ಇದರಲ್ಲಿ ಇನ್ನೂ 2002ನೇ ಇಸವಿ ಇದೆಯಲ್ಲಾ ಸಾರ್?" ಎಂದ. ಮದರ್‌ಬೋರ್ಡಿನ ಮೇಲಿನ 3 ವೋಲ್ಟಿನ ನಾಣ್ಯದಂಥ ಬ್ಯಾಟರಿ ಸತ್ತುಹೋಗಿ ಗಡಿಯಾರ ಹಿಂದಕ್ಕೆ ಹೋಗಿತ್ತು. ಸರ್ವರ್ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಕ್ತಾಯದ ದಿನ ಎರಡೂ ಇರುತ್ತವೆ. ನಮ್ಮ ಗಣಕದ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟೇ ಇರಲಿಲ್ಲ! ಹಳೆಯ ಗಣಕವನ್ನು ಮುಟ್ಟುವ ಮುನ್ನ ಈಗ ನಾನು ಮೊದಲು ನೋಡುವುದು ದಿನಾಂಕವನ್ನು.

ಗಡಿಯಾರ ಸರಿಯಿದ್ದರೂ ಭಾಷೆಯ ತೊಂದರೆ ಉಂಟು. ಗಣಕವೂ ಸರ್ವರ್ ಕೂಡ ಗುಪ್ತಲಿಪಿಯಲ್ಲಿ ಮಾತಾಡುತ್ತವೆ. ಎಕ್ಸ್‌ಪಿಗೆ ತಾನಾಗಿ ಬರುವುದು ಎಸ್‌ಎಸ್‌ಎಲ್ ಮತ್ತು ಟಿಎಲ್‌ಎಸ್ 1.0 ಎಂಬ ಹಳೆಯ ಬಗೆಗಳು. ಅವುಗಳಲ್ಲಿ ದೋಷಗಳು ಕಂಡುಬಂದು, 2021ರ ಮಾರ್ಚ್‌ನಲ್ಲಿ ಅಂತರ್ಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ ಟಿಎಲ್‌ಎಸ್ 1.0 ಮತ್ತು 1.1ನ್ನು ಕೈಬಿಡಬೇಕೆಂದು ವಿಧಿಸಿತು. ಬಾಗಿಲು ತಟ್ಟುವವನ ಮಾತು ಒಳಗಿನವರಿಗೆ ಅರ್ಥವಾಗದಿದ್ದರೆ, ಅವನ ಕೈಯಲ್ಲಿ ಅಸಲಿ ಚೀಟಿ ಇದ್ದು ಏನು ಫಲ? ಇಲ್ಲಿ ಯಾರೂ ಬೇಕೆಂದು ತಡೆದಿಲ್ಲ. ಆದರೆ ಫಲಿತಾಂಶ ತಡೆದ ಹಾಗೆಯೇ.

ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ಬೆಂಬಲ ಮುಗಿಯುವುದು ಬೇರೆ, ಪರವಾನಗಿ ಮುಗಿಯುವುದು ಬೇರೆ. ಬಳಸುವ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ಆದರೆ ಆ ಹಕ್ಕನ್ನು ಜಾರಿಗೆ ತರುವ ಕಿಟಕಿ ಇನ್ನೊಬ್ಬರ ಕಟ್ಟಡದಲ್ಲಿದೆ, ಎಂದೆಂದಿಗೂ ತೆರೆದಿಡುತ್ತೇವೆ ಎಂದು ಅವರು ಬರೆದುಕೊಟ್ಟಿಲ್ಲ. ಕೊಂಡವರ ದೃಷ್ಟಿಯಿಂದ ಈ ಏರ್ಪಾಟು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಬೆಂಬಲ ನಿಲ್ಲಿಸಿದ ದಿನವೇ ಬೀಗವನ್ನೂ ತೆಗೆದುಬಿಡಬಹುದಿತ್ತು.

2023ರಲ್ಲಿ ಈ 42 ಅಂಕಿಗಳನ್ನು ಕಂಪನಿಯ ನೆರವಿಲ್ಲದೆ ಗಣಕದಲ್ಲೇ ಲೆಕ್ಕ ಹಾಕುವ ಕಾರ್ಯಕ್ರಮವೊಂದು ಸುದ್ದಿಯಾಯಿತು. ಗಣಿತದ ದೃಷ್ಟಿಯಿಂದ ಸ್ವಾರಸ್ಯದ ಸಂಗತಿಯೇ. ಆದರೆ ಲೆಕ್ಕ ಬಿಡಿಸಿದ ಮಾತ್ರಕ್ಕೆ ಪರವಾನಗಿ ಸಿಕ್ಕಿದಂತಾಗದು. ಅದರ ಹೆಸರಿನಲ್ಲಿ ಅಂತರ್ಜಾಲದಲ್ಲಿ ಸಿಗುವುದರಲ್ಲಿ ವೈರಸ್ ಯಾವುದು, ಅಸಲಿ ಯಾವುದು ಎಂದು ಬೇರ್ಪಡಿಸುವುದೂ ಸುಲಭವಲ್ಲ. ನಮ್ಮ ಕೃತಿಸ್ವಾಮ್ಯ ಅಧಿನಿಯಮ, 1957, ಅಕ್ರಮ ಪ್ರತಿ ಎಂದು ತಿಳಿದೂ ಬಳಸುವುದನ್ನು ಅಪರಾಧವೆಂದಿದೆ: 7 ದಿನಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಅದೇ ಕಾಯಿದೆಯ 52ನೆಯ ಕಲಮು ನ್ಯಾಯವಾಗಿ ಪ್ರತಿ ಪಡೆದವರು ನಷ್ಟವಾದೀತೆಂದು ಕಾಪು ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಇದನ್ನು ತಿಳಿದವರು ಕಡಿಮೆ, ಬಳಸಿಕೊಂಡವರು ಇನ್ನೂ ಕಡಿಮೆ.

ಸಿ.ಡಿ.ಯಲ್ಲಿ ಮೂರು ಜಾತಿ

ಈಗ ಕಾಲೇಜಿನ ಗಣಕಕ್ಕೆ ಬರೋಣ. ನೋಡಲು ಒಂದೇ ತೆರನಾಗಿದ್ದರೂ ಎಕ್ಸ್‌ಪಿಯ ಸಿ.ಡಿ.ಗಳಲ್ಲಿ ಮೂರು ಜಾತಿ. ಅಂಗಡಿಯಲ್ಲಿ ಡಬ್ಬಿಯಲ್ಲಿ ಕೊಂಡದ್ದು ಒಂದು. ಅದನ್ನು ಹಳೆಯ ಗಣಕದಿಂದ ತೆಗೆದು ಹೊಸದಕ್ಕೆ ಹಾಕಬಹುದು. ದೊಡ್ಡ ಸಂಸ್ಥೆಗಳು ಸಗಟಾಗಿ ಪಡೆದದ್ದು ಇನ್ನೊಂದು, ಅದಕ್ಕೆ ಆ್ಯಕ್ಟಿವೇಷನ್ ಇರಲಿಲ್ಲ. ಗಣಕ ತಯಾರಿಸಿದವರೇ ಜೊತೆಗೆ ಕೊಟ್ಟದ್ದು ಮೂರನೆಯದು. ಇದರ ಪರವಾನಗಿ ಆ ಗಣಕದೊಂದಿಗೆ ಹುಟ್ಟಿ ಆ ಗಣಕದೊಂದಿಗೇ ಸಾಯುತ್ತದೆ. ಮದರ್‌ಬೋರ್ಡ್ ಬೇರೆಯಾದರೆ ಗಣಕವೇ ಬೇರೆ ಎಂದು ಲೆಕ್ಕ. ಒಂದು ಜಾತಿಯ ಕೀಲಿ ಇನ್ನೊಂದು ಜಾತಿಯ ಸಿ.ಡಿ.ಗೆ ಹೊಂದದು. "ಕೀಲಿ ತಪ್ಪು" ಎಂದು ಗಣಕ ಹೇಳಿದಾಗ ಅನೇಕ ಬಾರಿ ತಪ್ಪಿರುವುದು ಸಿ.ಡಿ.ಯೇ.

ಮೂರನೆಯ ಜಾತಿಯಲ್ಲಿ ಮತ್ತೊಂದು ಒಳಪಂಗಡವಿದೆ. ದೊಡ್ಡ ತಯಾರಕರು ಸಾವಿರಾರು ಗಣಕಗಳನ್ನು ಒಂದೊಂದಾಗಿ ಆ್ಯಕ್ಟಿವೇಟ್ ಮಾಡುತ್ತ ಕೂರಲಾರರು. ಆದ್ದರಿಂದ ಅವರ ಗಣಕಗಳ ಬಯೋಸ್‌ನಲ್ಲಿ, ಎಂದರೆ ಗಣಕ ಆರಂಭವಾಗುವಾಗ ಮೊದಲು ಎಚ್ಚರಗೊಳ್ಳುವ ಚಿಪ್‌ನಲ್ಲಿ, ತಯಾರಕರ ಗುರುತು ಇರುತ್ತದೆ. ಅವರು ಕೊಟ್ಟ ಸಿ.ಡಿ.ಯಿಂದ ಎಕ್ಸ್‌ಪಿ ಹಾಕಿದರೆ ಅದು ಆ ಗುರುತನ್ನು ಹುಡುಕುತ್ತದೆ. ಸಿಕ್ಕರೆ ಮುಗಿಯಿತು: ಕೀಲಿ ಕೇಳುವುದಿಲ್ಲ, 30 ದಿನದ ಗಡುವಿಲ್ಲ, ಯಾವ ಸರ್ವರನ್ನೂ ಸಂಪರ್ಕಿಸುವುದಿಲ್ಲ. ಡಿಸ್ಕ್ ಬದಲಾಗಿದ್ದರೂ ಚಿಂತೆಯಿಲ್ಲ, ನೋಡುವುದು ಬಯೋಸನ್ನು ಮಾತ್ರ. ಹಾಗಾದರೆ ಪೆಟ್ಟಿಗೆಯ ಮೇಲಿನ ಚೀಟಿಯ ಕೀಲಿ ಏಕೆ? ಅದು ಪರವಾನಗಿಯ ಸಾಕ್ಷಿ. ಅಂಥ ಗಣಕದಲ್ಲಿ ಕಾರ್ಖಾನೆಯವರು ಅದನ್ನು ಟೈಪ್ ಮಾಡಿರುವುದೇ ಇಲ್ಲ. ಚೀಟಿಗಳ ಸಂಖ್ಯೆಯನ್ನು ಕದ್ದು ಮಾರುವುದು ಹೆಚ್ಚಾದ್ದರಿಂದ, 2005ರಲ್ಲಿ ಮೈಕ್ರೋಸಾಫ್ಟ್ ದೊಡ್ಡ ತಯಾರಕರ ಇಂಥ ಕೀಲಿಗಳಿಗೆ ಅಂತರ್ಜಾಲದ ಮೂಲಕ ಆ್ಯಕ್ಟಿವೇಷನ್ ನಿಲ್ಲಿಸಿತು.

ವಿದ್ಯಾರ್ಥಿನಿ ಕಳಿಸಿದ ಚಿತ್ರದಲ್ಲಿ ಆ ಗಣಕ ಅಂಥದೇ ಒಬ್ಬ ದೊಡ್ಡ ತಯಾರಕರದು. ಪಕ್ಕದ ವಿಭಾಗದ ಸಿ.ಡಿ. ಬಿಡಿಭಾಗಗಳಿಂದ ಜೋಡಿಸಿದ ಗಣಕದ ಜೊತೆ ಬಂದದ್ದು. ಎರಡೂ ಮೂರನೆಯ ಜಾತಿಯವೇ ಆದ್ದರಿಂದ ಚೀಟಿಯ ಕೀಲಿಯನ್ನು ಅದು ಒಪ್ಪಿತು. ಆದರೆ ಬಯೋಸನ್ನು ನೋಡುವ ಬುದ್ಧಿ ಅದಕ್ಕಿಲ್ಲ, ಆದ್ದರಿಂದ ಗಡುವು ಕೊಟ್ಟಿತು. ಸಹಾಯಕರು ತಿಳಿದೇ ಮಾಡಿದ ತಪ್ಪಲ್ಲ ಇದು. ಮೇಲೆ ಬರೆದಿರುವ ಹೆಸರು ಎರಡರದೂ ಒಂದೇ.

ನಾನು ಅವರಿಗೆ ಬರೆದ ಉತ್ತರ ಇಷ್ಟು. ಉಪಕರಣದ ಕೈಪಿಡಿ, ಬಿಲ್ಲು, ಖಾತರಿ ಪತ್ರ ಇರುವ ಕಪಾಟನ್ನು ಹುಡುಕಿ. ಗಣಕ ತಯಾರಕರ ಹೆಸರೇ ಮುದ್ರಿತವಾಗಿರುವ ಸಿ.ಡಿ. ಸಿಕ್ಕಬೇಕು. ಹಾಕುವ ಮುಂಚೆ ದಿನಾಂಕ ಸರಿಪಡಿಸಿ. ಹೊಸ ಡಿಸ್ಕ್ ಸಾಟಾ ಬಗೆಯದಾದರೆ ಬಯೋಸ್‌ನಲ್ಲಿ ಅದನ್ನು ಐಡಿಇ ರೀತಿಯಲ್ಲಿ ನಡೆಯುವಂತೆ ಹೊಂದಿಸಿ, ಇಲ್ಲವಾದರೆ ಸಿ.ಡಿ.ಗೆ ಡಿಸ್ಕೇ ಕಾಣದು. ಸರ್ವಿಸ್ ಪ್ಯಾಕ್ ಇಲ್ಲದ ಮೊದಲ ಎಕ್ಸ್‌ಪಿಗೆ 137 ಗಿಗಾಬೈಟಿನ ಆಚೆ ಕಾಣುವುದಿಲ್ಲ. (2ರ 28ನೆಯ ಘಾತವನ್ನು 512ರಿಂದ ಗುಣಿಸಿ, ಆ ಮಿತಿ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ.) ಮುಖ್ಯವಾಗಿ ನೆಟ್‌ವರ್ಕ್ ತಂತಿಯನ್ನು ಕಿತ್ತಿಡಿ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಹುಳು ಹರಡಿದಾಗ, ತೇಪೆ ಹಾಕದ ಎಕ್ಸ್‌ಪಿ ಅಂತರ್ಜಾಲಕ್ಕೆ ಸೇರಿದ ಕೆಲವೇ ನಿಮಿಷಗಳಲ್ಲಿ ಸೋಂಕಿಗೆ ಸಿಕ್ಕುತ್ತಿತ್ತು. ಫಲಿತಾಂಶಗಳನ್ನು ಪೆನ್ ಡ್ರೈವ್‌ನಲ್ಲಿ ಒಯ್ದರೆ ಸಾಕು. ಎಲ್ಲ ಮುಗಿದು ಉಪಕರಣ ನಡೆಯತೊಡಗಿದ ದಿನವೇ ಇಡೀ ಡಿಸ್ಕಿನ ಪಡಿಯಚ್ಚು ತೆಗೆದು ಇನ್ನೊಂದು ಡಿಸ್ಕಿನಲ್ಲಿಟ್ಟು ಬೀಗ ಹಾಕಿ.

ಆ ಸಿ.ಡಿ. ಸಿಗದಿದ್ದರೆ ದಾರಿ ಕಿರಿದಾಗುತ್ತದೆ. ಆಗಲೂ ಗಡುವು ಮುಗಿದರೆ ಸೇಫ್ ಮೋಡ್‌ನಲ್ಲಿ ತೆರೆದು ಕಡತಗಳನ್ನಾದರೂ ಹೊರಗೆ ತೆಗೆಯಬಹುದು. ಎಕ್ಸ್‌ಪಿ ಈಗಾಗಲೇ ಆ್ಯಕ್ಟಿವೇಟ್ ಆಗಿ ನಡೆಯುತ್ತಿರುವವರಿಗೆ ಒಂದು ಮಾತು: ಅನುಮತಿಯ ದಾಖಲೆ ಇರುವುದು ವಿಂಡೋಸ್‌ನ ಸಿಸ್ಟಂ32 ಕೋಶದ ಡಬ್ಲ್ಯುಪಿಎ ಡಾಟ್ ಡಿಬಿಎಲ್ ಎಂಬ ಸಣ್ಣ ಕಡತದಲ್ಲಿ. ಅದರ ಪ್ರತಿ ಇಂದೇ ತೆಗೆದಿಡಿ. ಅದೇ ಗಣಕಕ್ಕೆ, ಅದೇ ಕೀಲಿಯಿಂದ ಮರುಸ್ಥಾಪಿಸಿದಾಗ ಅದನ್ನು ಹಿಂದಕ್ಕೆ ಇಟ್ಟರೆ ಬಹಳ ಸಲ ಮತ್ತೆ ಅನುಮತಿ ಕೇಳುವ ಪ್ರಮೇಯವೇ ಬರುವುದಿಲ್ಲ.

ಎರಡು ವಾರದ ಬಳಿಕ ಅಂಚೆ ಕಾರ್ಡು ಬಂತು. ಸಿ.ಡಿ. ಕಪಾಟಿನಲ್ಲಿರಲಿಲ್ಲವಂತೆ. ಗಣಕದ ಜೊತೆಗೆ 2006ರಲ್ಲಿ ಬಂದ ರಟ್ಟಿನ ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ, ದಾಸ್ತಾನು ಕೋಣೆಯ ಅಟ್ಟದ ಮೇಲಿತ್ತು. ಪೆಟ್ಟಿಗೆಯಲ್ಲಿ ಗಾಜಿನ ಪಿಪೆಟ್ಟುಗಳನ್ನು ತುಂಬಿಟ್ಟಿದ್ದರು. 40 ಬಾಟಲಿಗಳಲ್ಲಿ 31ರ ಅಳತೆ ಮುಗಿದಿದೆ. ಒಂದು ಹಳ್ಳಿಯ ಶಾಲೆಯ ಕೊಳವೆಬಾವಿಯಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆಯೆಂದೂ, ಮತ್ತೊಮ್ಮೆ ಅಳೆದು ಖಚಿತಪಡಿಸಿಕೊಂಡು ಪಂಚಾಯಿತಿಗೆ ಬರೆಯುತ್ತೇವೆಂದೂ ಕಾರ್ಡಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಸೇರಿಸಿದ್ದರು.